ಐರಿಷ್ ಪದಗಳು ತಲೆ ಬದಲಿಸುವುದೇಕೆ, ಬಾಲ ಬದಲಿಸುವುದೇಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಐರಿಷ್ ಭಾಷೆ ಕಲಿಯಲು ಕೂತವರಿಗೆ ಮೊದಲ ವಾರದಲ್ಲೇ ಒಂದು ತೊಡಕು ಎದುರಾಗುತ್ತದೆ. ದೋಣಿಗೆ ‘ಬಾದ್’ ಎಂದು ಕಲಿತಿರುತ್ತೀರಿ. ಮುಂದಿನ ಸಾಲಿನಲ್ಲಿ ಅದು ‘ವಾದ್’ ಆಗಿರುತ್ತದೆ, ಅದರ ಮುಂದಿನ ಸಾಲಿನಲ್ಲಿ ‘ಮಾದ್’. ಇವು ಮೂರು ಬೇರೆ ಪದಗಳಲ್ಲ, ಒಂದೇ ದೋಣಿ. ಪದದ ಕೊನೆ ಬದಲಾಗುವುದು ಕನ್ನಡಿಗರಿಗೆ ಹೊಸದಲ್ಲ, ಮನೆ ಮನೆಯಲ್ಲಿ ಆಗುತ್ತದೆ, ಮನೆಗೆ ಆಗುತ್ತದೆ. ಮೊದಲಕ್ಷರವೇ ಕೈಕೊಟ್ಟಾಗ ಮಾತ್ರ ಕಷ್ಟವಾಗುತ್ತದೆ.

ಇಲ್ಲಿ ಐರಿಷ್ ಪದಗಳನ್ನು ಉಚ್ಚಾರಣೆಗೆ ಹತ್ತಿರವಾಗಿ ಕನ್ನಡದಲ್ಲಿ ಬರೆದಿದ್ದೇವೆ. ಕಾಗುಣಿತದ ಮಾತು ಬಂದಾಗ ರೋಮನ್ ಅಕ್ಷರಗಳ ಹೆಸರನ್ನು ಹೇಳಿದ್ದೇವೆ. ‘ಖ’ ಎಂದು ಬರೆದಲ್ಲಿ ಗಂಟಲು ಉಜ್ಜಿ ಹೊರಡುವ, ಉರ್ದುವಿನ ‘ಖಬರ್’ನಲ್ಲಿ ಕೇಳುವ ಧ್ವನಿ ಎಂದುಕೊಳ್ಳಿ. ಉಚ್ಚಾರಣೆ ಸೀಮೆಯಿಂದ ಸೀಮೆಗೆ ಸ್ವಲ್ಪ ಬದಲಾಗುತ್ತದೆ.

ಎಲ್ಲಕ್ಕೂ ಮೊದಲು ಏನನ್ನು ತಿಳಿದಿರಬೇಕು?

ಪದದ ತಲೆ ಬದಲಾದರೆ ಕಾರಣ ಸಾಮಾನ್ಯವಾಗಿ ಅದರ ಹಿಂದಿನ ಪದದಲ್ಲಿರುತ್ತದೆ. ಪದದ ಬಾಲ ಬದಲಾದರೆ ಕಾರಣ ವಾಕ್ಯದಲ್ಲಿ ಆ ಪದ ಮಾಡುತ್ತಿರುವ ಕೆಲಸದಲ್ಲಿರುತ್ತದೆ. ಎರಡೂ ಒಟ್ಟಿಗೆ ಆಗಬಹುದು. ಆಗಲೂ ಒಂದೊಂದನ್ನೇ ಬಿಡಿಸಿ ನೋಡಬೇಕು. ಹಿಂದಿನ ಪದವನ್ನು ನೋಡದೆ ‘ಈ ಪದ ಏಕೆ ಬದಲಾಯಿತು’ ಎಂದು ಅದನ್ನೇ ದಿಟ್ಟಿಸಿದರೆ ಉತ್ತರ ಸಿಗದು.

ಶೇವೂ ಎಂದರೇನು? ಅದನ್ನು ಬರೆಯುವುದು ಹೇಗೆ?

ಶೇವೂ ಎಂದರೆ ಮೆದುಗೊಳಿಸುವುದು. ಬಿಗಿಯಾಗಿ ಹೊರಡುವ ವ್ಯಂಜನ ಸಡಿಲವಾಗುತ್ತದೆ. ಬರೆಯುವುದು ಸುಲಭ, ಮೊದಲಕ್ಷರದ ಬೆನ್ನಿಗೆ ಒಂದು ಎಚ್ ಸೇರಿಸಿದರೆ ಆಯಿತು. ಹೀಗಾಗುವುದು ಒಂಬತ್ತು ಅಕ್ಷರಗಳಿಗೆ ಮಾತ್ರ: ಬಿ, ಸಿ, ಡಿ, ಎಫ್, ಜಿ, ಎಂ, ಪಿ, ಎಸ್, ಟಿ.

ಬಿ ಮತ್ತು ಎಂ ಎರಡೂ ‘ವ’ ಆಗುತ್ತವೆ. ಸಿ ‘ಖ’ ಆಗುತ್ತದೆ, ಪಿ ‘ಫ’ ಆಗುತ್ತದೆ. ಎಸ್ ಮತ್ತು ಟಿ ಎರಡೂ ಬರಿಯ ‘ಹ’ ಆಗಿ ಉಳಿಯುತ್ತವೆ. ಡಿ ಮತ್ತು ಜಿ ಉಜ್ಜಿದ ‘ಘ’ ಆಗುತ್ತವೆ. ಪಕ್ಕದಲ್ಲಿ ಇ ಅಥವಾ ಐ ಸ್ವರವಿದ್ದರೆ ‘ಯ’ ಆಗುತ್ತವೆ. ಎಫ್ ಮಾತ್ರ ಪೂರ್ತಿ ಮೌನವಾಗುತ್ತದೆ. ಬರೆಯುವಾಗ ಎಫ್ ಮತ್ತು ಎಚ್ ಎರಡೂ ಇರುತ್ತವೆ, ಓದುವಾಗ ಎರಡೂ ಇಲ್ಲ.

‘ಮ’ ಸಡಿಲವಾಗಿ ‘ವ’ ಆಗುವುದು ವಿಚಿತ್ರ ಎನಿಸಿದರೆ ನಮ್ಮ ಆದೇಶ ಸಂಧಿಯನ್ನು ನೆನಪಿಸಿಕೊಳ್ಳಿ. ಮೆಲ್ ಮತ್ತು ಮಾತು ಸೇರಿ ಮೆಲ್ವಾತು ಆಗುತ್ತದೆ. ತುಟಿ ಪೂರ್ತಿ ಮುಚ್ಚದೆ ಬಿಟ್ಟರೆ ಆಗುವುದು ಅದೇ.

ಹಳೆಯ ಗೇಲಿಕ್ ಲಿಪಿಯಲ್ಲಿ ಈ ಎಚ್ ಇರಲಿಲ್ಲ, ಅಕ್ಷರದ ತಲೆಯ ಮೇಲೆ ಒಂದು ಚುಕ್ಕೆ ಇಡುತ್ತಿದ್ದರು. ಹಳೆಯ ಶಾಸನ, ನಾಮಫಲಕ, ಪುಸ್ತಕಗಳಲ್ಲಿ ಚುಕ್ಕೆ ಕಂಡರೆ ಅಲ್ಲಿ ಎಚ್ ಇದೆ ಎಂದು ಓದಿಕೊಳ್ಳಿ.

ಉರೂ ಅದಕ್ಕಿಂತ ಹೇಗೆ ಬೇರೆ?

ಉರೂ ಎಂದರೆ ಗ್ರಹಣ. ಸೂರ್ಯಗ್ರಹಣಕ್ಕೂ ಐರಿಷಿನಲ್ಲಿ ಇದೇ ಪದ. ಹೆಸರು ಬಹಳ ಸರಿಯಾಗಿದೆ. ಮೂಲ ಅಕ್ಷರ ಬರಹದಲ್ಲಿ ಹಾಗೇ ಇರುತ್ತದೆ, ಅದರ ಮುಂದೆ ಇನ್ನೊಂದು ಅಕ್ಷರ ಬಂದು ಅದನ್ನು ಮರೆಮಾಡುತ್ತದೆ. ಕೇಳುವುದು ಮುಂದೆ ಬಂದ ಅಕ್ಷರ ಮಾತ್ರ.

ಏಳು ವ್ಯಂಜನಗಳಿಗೆ ಗ್ರಹಣ ಹಿಡಿಯುತ್ತದೆ. ಬಿಗೆ ಎಂ, ಸಿಗೆ ಜಿ, ಡಿಗೆ ಎನ್, ಪಿಗೆ ಬಿ, ಟಿಗೆ ಡಿ, ಜಿಗೆ ಎನ್, ಎಫ್‌ಗೆ ಬಿ-ಎಚ್ ಜೋಡಿ. ಜಿಯ ಮುಂದೆ ಎನ್ ಬಂದಾಗ ಅದು ‘ನ್ಗ’ ಅಲ್ಲ, ನಮ್ಮ ವರ್ಣಮಾಲೆಯ ‘ಙ’. ಕನ್ನಡದಲ್ಲಿ ಯಾವ ಪದವೂ ‘ಙ’ದಿಂದ ಶುರುವಾಗುವುದಿಲ್ಲ. ಐರಿಷಿನಲ್ಲಿ ಶುರುವಾಗುತ್ತದೆ. ಗಾಲ್ವೇ ಊರಿನ ಐರಿಷ್ ಹೆಸರು ಗಾಲಿವ್, ‘ಗಾಲ್ವೇಯಲ್ಲಿ’ ಎನ್ನಲು ‘ಇ ಙಾಲಿವ್’. ‘ಙ’ವನ್ನು ಒಂಟಿಯಾಗಿ ಹೇಳುವುದು ಕಷ್ಟವಾದರೆ ‘ಅಙ, ಇಙ’ ಎಂದು ಸ್ವರ ಸೇರಿಸಿ ಹೇಳಿ, ಆಮೇಲೆ ಸ್ವರವನ್ನು ನಿಧಾನವಾಗಿ ಬಿಡಿ.

ಕ-ತ-ಪಗಳು ಗ-ದ-ಬಗಳಾಗುವ ಭಾಗವಂತೂ ನಮಗೆ ಶಾಲೆಯಲ್ಲೇ ಗೊತ್ತಿದ್ದದ್ದು: ಮಳೆಗಾಲ, ಬೆಟ್ಟದಾವರೆ, ಕಂಬನಿ. ಕಣ್ ಮತ್ತು ಪನಿ ಸೇರುವಾಗ ಅನುನಾಸಿಕದ ಪಕ್ಕದ ‘ಪ’ ‘ಬ’ ಆಯಿತಲ್ಲ, ಐರಿಷ್ ಗ್ರಹಣದ ಹುಟ್ಟೂ ಅನುನಾಸಿಕದಿಂದಲೇ.

‘ಅವನ’, ‘ಅವಳ’, ‘ಅವರ’ ಮೂರಕ್ಕೂ ಒಂದೇ ‘ಅ’ ಅಂತೆ. ಗುರುತಿಸುವುದು ಹೇಗೆ?

ಹೌದು, ಮೂರಕ್ಕೂ ಒಂದೇ ಒಂದು ಅಕ್ಷರ. ವ್ಯತ್ಯಾಸವೆಲ್ಲ ಮುಂದಿನ ಪದದ ತಲೆಯಲ್ಲಿದೆ.

ಅ ವಾದ್: ಅವನ ದೋಣಿ
ಅ ಬಾದ್: ಅವಳ ದೋಣಿ
ಅ ಮಾದ್: ಅವರ ದೋಣಿ

ಕಾರಿಗೆ ‘ಕಾರ್’ ಎಂದೇ ಹೇಳುತ್ತಾರೆ. ಅ ಖಾರ್ ಅವನದು, ಅ ಕಾರ್ ಅವಳದು, ಅ ಗಾರ್ ಅವರದು. ಎಚ್ ಬರೆಯಲು ಮರೆತರೆ ಅದನ್ನು ಸಣ್ಣ ಕಾಗುಣಿತದ ತಪ್ಪು ಎನ್ನಲಾಗದು, ಅವನ ಕಾರು ಅವಳದಾಗಿಬಿಡುತ್ತದೆ.

ಇದಕ್ಕೆ ಕಾರಣ ತಿಳಿದರೆ ನಿಯಮ ಮರೆಯುವುದಿಲ್ಲ. ಸಂಸ್ಕೃತದಲ್ಲಿ ‘ಇವನ’ ಎನ್ನಲು ಅಸ್ಯ, ‘ಇವಳ’ ಎನ್ನಲು ಅಸ್ಯಾಃ, ‘ಇವರ’ ಎನ್ನಲು ಏಷಾಮ್. ಸಂಸ್ಕೃತವೂ ಐರಿಷೂ ಒಂದೇ ಇಂಡೋ-ಯುರೋಪಿಯನ್ ಕುಟುಂಬದವು, ಐರಿಷಿನ ಪೂರ್ವಜ ಭಾಷೆಯಲ್ಲೂ ಈ ಮೂರರ ಒಡಹುಟ್ಟುಗಳಿದ್ದವು. ಮೊದಲನೆಯದು ಸ್ವರದಲ್ಲಿ ಮುಗಿಯುತ್ತಿತ್ತು, ಎರಡು ಸ್ವರಗಳ ನಡುವೆ ಸಿಕ್ಕ ಮುಂದಿನ ವ್ಯಂಜನ ಸಡಿಲವಾಯಿತು. ಎರಡನೆಯದು ‘ಸ್’ದಲ್ಲಿ ಮುಗಿಯುತ್ತಿತ್ತು, ಅದು ಅಡ್ಡ ನಿಂತದ್ದರಿಂದ ಮುಂದಿನ ವ್ಯಂಜನಕ್ಕೆ ಏನೂ ಆಗಲಿಲ್ಲ. ಮೂರನೆಯದು ಅನುನಾಸಿಕದಲ್ಲಿ ಮುಗಿಯುತ್ತಿತ್ತು, ಅದು ಮುಂದಿನ ಪದಕ್ಕೆ ಅಂಟಿ ಗ್ರಹಣವಾಯಿತು. ಕಾಲ ಕಳೆದಂತೆ ಮೂರರ ಬಾಲವೂ ಸವೆದು ಒಂದೇ ‘ಅ’ ಉಳಿಯಿತು. ಬಾಲ ಹೋದರೂ ಅದು ಪಕ್ಕದ ಪದದ ಮೇಲೆ ಒತ್ತಿದ ಗುರುತು ಹೋಗಲಿಲ್ಲ. ಸಂಧಿಯಾಗಿದ್ದದ್ದು ವ್ಯಾಕರಣವಾಯಿತು. ಐರಿಷಿನ ಬಹುಪಾಲು ತಲೆ ಬದಲಾವಣೆಗಳ ಕಥೆ ಇದೇ.

ಉಳಿದ ಸ್ವಾಮ್ಯಪದಗಳನ್ನೂ ಇಲ್ಲೇ ಹೇಳಿಬಿಡುತ್ತೇವೆ. ‘ನನ್ನ’, ‘ನಿನ್ನ’ ಶೇವೂ ತರುತ್ತವೆ, ‘ನಮ್ಮ’, ‘ನಿಮ್ಮ’ ಉರೂ ತರುತ್ತವೆ.

ಸ್ವರದಿಂದ ಶುರುವಾಗುವ ಪದಗಳಿಗೆ ಏನಾಗುತ್ತದೆ?

ಸ್ವರವನ್ನು ಸಡಿಲಿಸಲು ಬರುವುದಿಲ್ಲ, ಆದ್ದರಿಂದ ಶೇವೂ ಬರುವಲ್ಲಿ ಅದು ಹಾಗೇ ಇರುತ್ತದೆ. ಗ್ರಹಣದ ಜಾಗದಲ್ಲಿ ಎನ್ ಬರುತ್ತದೆ. ‘ಅವಳ’ ಎನ್ನುವ ‘ಅ’ದ ನಂತರ ಎಚ್ ಬರುತ್ತದೆ, ಆ ಕಳೆದುಹೋದ ‘ಸ್’ ನಮ್ಮ ವಿಸರ್ಗದಂತೆ ಉಸಿರಾಗಿ ಉಳಿದದ್ದು ಅದು. ತಂದೆಗೆ ಅಹಿರ್. ಅವನ ತಂದೆ ‘ಅ ಅಹಿರ್’, ಅವಳ ತಂದೆ ‘ಅ ಹಹಿರ್’, ಅವರ ತಂದೆ ‘ಅ ನಹಿರ್’.

ಈ ಎನ್ ನಂತರ ಅಡ್ಡಗೆರೆ ಹಾಕಲೇಬೇಕು. ‘ನಹಿರ್’ ಎಂದು ಕೂಡಿಸಿ ಬರೆದರೆ ಅದು ಹಾವು ಎಂಬ ಬೇರೆಯೇ ಪದ. ಎಚ್‌ಗೆ ಅಡ್ಡಗೆರೆ ಬೇಡ. ಸ್ವರ ದೊಡ್ಡಕ್ಷರದಲ್ಲಿದ್ದರೆ ಎನ್‌ಗೂ ಬೇಡ, ಏಕೆಂದರೆ ಸಣ್ಣ ಎನ್ ಪಕ್ಕದ ದೊಡ್ಡಕ್ಷರವೇ ಗಡಿಯನ್ನು ತೋರಿಸುತ್ತದೆ.

ದೊಡ್ಡಕ್ಷರದ ವಿಷಯದಲ್ಲಿ ಇನ್ನೊಂದು ಮಾತು. ಗ್ರಹಣ ಹಿಡಿದ ಊರು ಅಥವಾ ವ್ಯಕ್ತಿಯ ಹೆಸರಿನಲ್ಲಿ ಮೂಲ ಅಕ್ಷರವೇ ದೊಡ್ಡದು, ಮುಂದೆ ಬಂದದ್ದು ಸಣ್ಣದು. ಕೊರ್ಕಿ, ಅಂದರೆ ಕಾರ್ಕ್ ನಗರ, ‘ಇ ಗೊರ್ಕಿ’ ಆದಾಗ ಸಣ್ಣ ಜಿ, ದೊಡ್ಡ ಸಿ. ಸಾಲನ್ನು ತಾನಾಗಿ ದೊಡ್ಡಕ್ಷರಕ್ಕೆ ತಿರುಗಿಸುವ ತಂತ್ರಾಂಶಗಳು ಇದನ್ನು ಸದಾ ಕೆಡಿಸುತ್ತವೆ. ನಾಮಫಲಕ ಮಾಡಿಸುವವರು ಇದನ್ನು ಕೈಯಾರೆ ಪರಿಶೀಲಿಸಲೇಬೇಕು.

‘ಅನ್’ ಬಂದಾಗ ಕೆಲವು ಪದ ಬದಲಾಗುತ್ತವೆ, ಕೆಲವು ಇಲ್ಲ. ಏಕೆ?

‘ಅನ್’ ಎಂದರೆ ಇಂಗ್ಲಿಷಿನ ‘ದಿ’. ಅದರ ಮುಂದಿನ ಪದದ ಲಿಂಗ ನೋಡಬೇಕು. ಏಕವಚನದ ಕರ್ತೃಪದ ಸ್ತ್ರೀಲಿಂಗವಾಗಿದ್ದರೆ ಶೇವೂ, ಪುಲ್ಲಿಂಗವಾಗಿದ್ದರೆ ಇಲ್ಲ. ಹೆಂಗಸಿಗೆ ಬ್ಯಾನ್, ‘ಆ ಹೆಂಗಸು’ ಅನ್ ವ್ಯಾನ್. ಗಂಡಸಿಗೆ ಫ್ಯಾರ್, ಅದು ಅನ್ ಫ್ಯಾರ್ ಆಗಿಯೇ ಉಳಿಯುತ್ತದೆ.

ಎರಡು ಕಡೆ ಟಿ ನುಸುಳುತ್ತದೆ. ಪುಲ್ಲಿಂಗ ಪದ ಸ್ವರದಿಂದ ಶುರುವಾದರೆ ಟಿ ಸೇರುತ್ತದೆ: ಇಶ್ಕ ಎಂದರೆ ನೀರು, ಅನ್ ತಿಶ್ಕ. (ವಿಸ್ಕಿ ಎಂಬ ಹೆಸರು ಬಂದದ್ದು ಇದೇ ‘ಇಶ್ಕ’ದಿಂದ.) ಸ್ತ್ರೀಲಿಂಗ ಪದ ಎಸ್‌ನಿಂದ ಶುರುವಾದರೆ ಶೇವೂ ಬದಲು ಟಿ ಬಂದು ಎಸ್ಸನ್ನು ನುಂಗುತ್ತದೆ: ಕಣ್ಣಿಗೆ ಸೂಲ್, ಅನ್ ತೂಲ್. ಬೀದಿಗೆ ಸ್ರಾಡ್, ಅನ್ ತ್ರಾಡ್.

ಲಿಂಗವನ್ನು ಅರ್ಥದಿಂದ ಊಹಿಸಬೇಡಿ. ಕನ್ನಡದಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ, ಆ ಅಭ್ಯಾಸ ಇಲ್ಲಿ ದಾರಿ ತಪ್ಪಿಸುತ್ತದೆ. ಹುಡುಗಿಗೆ ಕಾಲೀನ್, ವ್ಯಾಕರಣದಲ್ಲಿ ಅದು ಪುಲ್ಲಿಂಗ. ‘ಈನ್’ ಎಂಬ ಪ್ರತ್ಯಯವೇ ಅದನ್ನು ಹಾಗೆ ಮಾಡಿದೆ. ಆದ್ದರಿಂದ ಅನ್ ಕಾಲೀನ್, ಅನ್ ಖಾಲೀನ್ ಅಲ್ಲ. ಹೊಸ ಪದ ಕಲಿಯುವಾಗ ‘ಅನ್’ ಸೇರಿಸಿಯೇ ಬಾಯಿಪಾಠ ಮಾಡಿದರೆ ಲಿಂಗ ತಾನಾಗಿ ನೆನಪಿರುತ್ತದೆ.

ವಿಶೇಷಣ ಕೂಡ ಇದೇ ಲೆಕ್ಕ. ಐರಿಷಿನಲ್ಲಿ ಅದು ನಾಮಪದದ ನಂತರ ಬರುತ್ತದೆ. ‘ದೊಡ್ಡ’ ಎಂಬ ಮೋರ್, ಗಂಡಸಿನ ಜೊತೆ ಮೋರ್, ಹೆಂಗಸಿನ ಜೊತೆ ವೋರ್.

ಷಷ್ಠೀ ವಿಭಕ್ತಿ ಇಷ್ಟು ಹೆದರಿಸುವುದೇಕೆ?

ಅಲ್ಲಿ ತಲೆ ಮತ್ತು ಬಾಲ ಒಟ್ಟಿಗೆ ಬದಲಾಗುತ್ತವೆ. ‘ಫ್ಯಾರ್’ ಪದವನ್ನು ನಾಲ್ಕು ಸ್ಥಾನಗಳಲ್ಲಿ ನೋಡಿ:

ಅನ್ ಫ್ಯಾರ್: ಆ ಗಂಡಸು
ಹಾಟ ಅನ್ ಇರ್: ಆ ಗಂಡಸಿನ ಟೋಪಿ
ನ ಫಿರ್: ಆ ಗಂಡಸರು
ಹಾಟೀ ನ ವ್ಯಾರ್: ಆ ಗಂಡಸರ ಟೋಪಿಗಳು

ಎರಡನೆಯದರಲ್ಲಿ ಎಫ್ ಶೇವೂ ಪಡೆದು ಮೌನವಾಯಿತು, ಜೊತೆಗೆ ಕೊನೆಯ ರಕಾರ ತೆಳುವಾಯಿತು. ಈ ತೆಳು ಮತ್ತು ದಪ್ಪ ಎಂಬುದು ಐರಿಷ್ ಬಾಲದ ಮುಖ್ಯ ಕೀಲಿ. ಎ, ಓ, ಯು ಸ್ವರಗಳ ಪಕ್ಕದ ವ್ಯಂಜನ ದಪ್ಪ. ಇ, ಐ ಪಕ್ಕದ್ದು ತೆಳು, ಅದನ್ನು ಹೇಳುವಾಗ ನಾಲಗೆ ‘ಯ’ದ ಕಡೆಗೆ ಏರುತ್ತದೆ. ಬಾದ್ ಪದದ ಕೊನೆಯ ಡಿಗೆ ಮೊದಲು ಒಂದು ಐ ಬರೆದರೆ ಆ ಡಿ ತೆಳುವಾಗುತ್ತದೆ, ‘ದೋಣಿಯ’ ಎಂಬ ಅರ್ಥ ಬರುತ್ತದೆ. ಆ ಐ ಪ್ರತ್ಯೇಕ ಸ್ವರವಲ್ಲ, ಡಿ ತೆಳು ಎಂಬ ಸೂಚನೆ ಮಾತ್ರ. ಅದನ್ನು ಬಿಡಿಯಾಗಿ ಉಚ್ಚರಿಸುವುದು ಹೊಸಬರು ಮಾಡುವ ತಪ್ಪು. ದಪ್ಪ ಟಿ, ಡಿಗಳು ನಮ್ಮ ತ, ದಗಳಂತೆ ಹಲ್ಲಿಗೆ ತಾಗುತ್ತವೆ. ಇಂಗ್ಲಿಷಿನ ಟ, ಡಗಳನ್ನು ಅಲ್ಲಿಗೆ ತರಬೇಡಿ.

ವ್ಯಾಕರಣ ಪುಸ್ತಕಗಳು ನಾಮಪದಗಳನ್ನು ಐದು ಗಣಗಳಾಗಿ ಹಂಚುತ್ತವೆ. ಒಂದನೆಯದು ಪುಲ್ಲಿಂಗ, ಬಾಲ ತೆಳುವಾಗುತ್ತದೆ, ಬಾದ್‌ನಂತೆ. ಎರಡನೆಯದು ಬಹುಪಾಲು ಸ್ತ್ರೀಲಿಂಗ, ಕೊನೆಗೆ ಒಂದು ಇ ಸೇರುತ್ತದೆ. ಬೂಟಿಗೆ ಬ್ರೋಗ್, ‘ಬೂಟಿನ’ ಬ್ರೋಗ್ಯ. ಮೂರನೆಯದಕ್ಕೆ ಎ ಸೇರುತ್ತದೆ: ವೈದ್ಯ ದೊಖ್ತೂರ್, ‘ವೈದ್ಯರ’ ದೊಖ್ತೂರ. ನಾಲ್ಕನೆಯದು ಏಕವಚನದಲ್ಲಿ ಬದಲಾಗುವುದೇ ಇಲ್ಲ, ಇಶ್ಕ ಮತ್ತು ಕಾಲೀನ್ ಆ ಗುಂಪಿನವು. ಐದನೆಯದು ಚಿಕ್ಕ ಗುಂಪು, ಆದರೆ ದಿನಬಳಕೆಯ ಪದಗಳದು. ನಗರಕ್ಕೆ ಕಾಹಿರ್, ಪುರಭವನಕ್ಕೆ ‘ಹಾಲ ನ ಕಾಹ್ರಖ್’. ದೇಶದ ಹೆಸರು ಏರ್ಯ ಕೂಡ ಇಲ್ಲೇ ಇದೆ: ‘ಐರ್ಲೆಂಡಿನ’ ಎನ್ನಲು ‘ನ ಹೇರನ್’, ‘ಐರ್ಲೆಂಡಿನಲ್ಲಿ’ ಎನ್ನಲು ‘ಇನ್ ಏರಿನ್’. ಇಂಗ್ಲಿಷ್ ಕವಿತೆಗಳಲ್ಲಿ ಕಾಣುವ ‘ಎರಿನ್’ ಈ ಕೊನೆಯ ರೂಪದಿಂದ ಬಂದದ್ದು.

‘ಬ್ಯಾನ್’ ಯಾವ ಗಣಕ್ಕೂ ಸೇರದ ಪದ. ಹೆಂಗಸಿನ, ಹೆಂಗಸರು ಎರಡಕ್ಕೂ ‘ಮ್ನಾ’, ಹೆಂಗಸರ ಎನ್ನಲು ‘ನ ಮನ್’. ಐರ್ಲೆಂಡಿಗೆ ಹೋಗುವವರು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಅಲ್ಲಿನ ಶೌಚಾಲಯದ ಬಾಗಿಲುಗಳ ಮೇಲೆ ‘ಫಿರ್’, ‘ಮ್ನಾ’ ಎಂದಷ್ಟೇ ಬರೆದಿರುವುದುಂಟು. ಇಂಗ್ಲಿಷ್ ಕಣ್ಣಿಗೆ ಎಫ್ ಕಂಡರೆ ಹೆಂಗಸರದು, ಎಂ-ಎನ್-ಎ ಕಂಡರೆ ಗಂಡಸರದು ಎನಿಸುತ್ತದೆ. ನಿಜ ಅದಕ್ಕೆ ಪೂರ್ತಿ ತಿರುಗುಮುರುಗು.

ಹಸುಗಳನ್ನು ಎಣಿಸುವಾಗ ಆರರ ನಂತರ ಅಕ್ಷರ ಬದಲಾಗುವುದೇಕೆ?

ಹಸುವಿಗೆ ಬೋ. ಒಂದರಿಂದ ಆರರವರೆಗೆ ಶೇವೂ: ಘಾ ವೋ (ಎರಡು), ತ್ರೀ ವೋ (ಮೂರು), ಹೀಗೆ ಶೇ ವೋ (ಆರು) ತನಕ. ಏಳರಿಂದ ಹತ್ತರವರೆಗೆ ಉರೂ: ಶಖ್ತ್ ಮೋ, ಒಖ್ತ್ ಮೋ, ನೀ ಮೋ, ಡೆಹ್ ಮೋ. ಏಳು, ಒಂಬತ್ತು, ಹತ್ತಕ್ಕೆ ಲ್ಯಾಟಿನಿನಲ್ಲಿ ಸೆಪ್ಟೆಮ್, ನೋವೆಮ್, ಡೆಕೆಮ್ ಎನ್ನುತ್ತಾರಲ್ಲ, ಆ ಕೊನೆಯ ಅನುನಾಸಿಕದ ಗುರುತೇ ಈ ಗ್ರಹಣ. ಎಂಟಕ್ಕೆ ಅನುನಾಸಿಕವಿರಲಿಲ್ಲ, ಅಕ್ಕಪಕ್ಕದವನ್ನು ನೋಡಿ ಅದೂ ಕಲಿತುಕೊಂಡಿತು. ಇಪ್ಪತ್ತು, ಮೂವತ್ತು ಮುಂತಾದ ಹತ್ತುಗಳ ನಂತರ ಯಾವ ಬದಲಾವಣೆಯೂ ಇಲ್ಲ.

ಸಂಖ್ಯೆಯ ನಂತರ ನಾಮಪದ ಸಾಮಾನ್ಯವಾಗಿ ಏಕವಚನದಲ್ಲೇ ಇರುತ್ತದೆ. ‘ಹತ್ತು ರೂಪಾಯಿ’ ಎನ್ನುವ ನಮಗೆ ಅದು ತೊಡಕಲ್ಲ. ವರ್ಷ ಎಂಬ ಪದ ಮುಖ್ಯವಾದ ಅಪವಾದ. ಮೂರರಿಂದ ಹತ್ತರವರೆಗೆ ಅದಕ್ಕೆ ವಿಶೇಷ ಬಹುವಚನ ರೂಪವಿದೆ, ಮೂರರಿಂದ ಆರರವರೆಗೆ ಶೇವೂ ಇಲ್ಲ, ಏಳರಿಂದ ಹತ್ತರವರೆಗೆ ಉರೂ ಉಂಟು.

ಮನುಷ್ಯರನ್ನು ಎಣಿಸಲು ಬೇರೆಯೇ ಸಂಖ್ಯಾಪದಗಳಿವೆ. ಎರಡು ಬೇರೆ, ಇಬ್ಬರು ಬೇರೆ, ಮೂರು ಬೇರೆ, ಮೂವರು ಬೇರೆ ಎಂದು ತಿಳಿದಿರುವ ಕನ್ನಡಿಗರಿಗೆ ಇದನ್ನು ವಿವರಿಸಬೇಕಿಲ್ಲ. ಇಂಗ್ಲಿಷ್ ಮೂಲಕ ಕಲಿಯುವವರು ಒದ್ದಾಡುವ ಜಾಗ ಇದು.

ಒಂದು ಪುಸ್ತಕದಲ್ಲಿ ‘ಎರ್ ಅನ್ ಮೋರ್ದ್’, ಇನ್ನೊಂದರಲ್ಲಿ ‘ಎರ್ ಅನ್ ವೋರ್ದ್’. ಯಾವುದು ಸರಿ?

ಎರಡೂ ಸರಿ. ಅರ್ಥ ‘ಮೇಜಿನ ಮೇಲೆ’. ದಕ್ಷಿಣದ ಮನ್‌ಸ್ಟರ್, ಪಶ್ಚಿಮದ ಕಾನಾಟ್ ಸೀಮೆಗಳಲ್ಲಿ ಇಲ್ಲಿ ಉರೂ ಬರುತ್ತದೆ, ಉತ್ತರದ ಅಲ್‌ಸ್ಟರ್‌ನಲ್ಲಿ ಶೇವೂ ಬರುತ್ತದೆ. 1958ರಲ್ಲಿ ಪ್ರಕಟವಾದ ಸರ್ಕಾರಿ ಪ್ರಮಾಣ ವ್ಯಾಕರಣ ಆಮೇಲೆ ಪರಿಷ್ಕಾರಗೊಂಡಿದೆ, ಈ ಎರಡು ಪದ್ಧತಿಗೂ ಈಗ ಮನ್ನಣೆಯಿದೆ. ಒಂದನ್ನು ಆರಿಸಿಕೊಂಡು ಅದರಲ್ಲೇ ನಿಲ್ಲಿ. ಒಂದೇ ಬರಹದಲ್ಲಿ ಎರಡನ್ನೂ ಬೆರೆಸುವುದು ಮಾತ್ರ ತಪ್ಪಾಗಿ ಕಾಣುತ್ತದೆ.

ಕ್ರಿಯಾಪದದ ತಲೆ ಏನನ್ನು ಹೇಳುತ್ತದೆ?

ಬಹಳಷ್ಟನ್ನು ಹೇಳುತ್ತದೆ. ಬ್ರಿಶ್ ಎಂದರೆ ಮುರಿ. ‘ವ್ರಿಶ್ ಮೇ’ ಎಂದರೆ ಮುರಿದೆ. ಭೂತಕಾಲದ ಗುರುತು ಆ ಶೇವೂ ಒಂದೇ. ಸ್ವರದಿಂದಲೋ ಎಫ್‌ನಿಂದಲೋ ಶುರುವಾದರೆ ಮುಂದೆ ಡಿ ಸೇರುತ್ತದೆ: ಓಲ್ ಎಂದರೆ ಕುಡಿ, ದೋಲ್ ಎಂದರೆ ಕುಡಿದ. ವರ್ತಮಾನದಲ್ಲಿ ನಿಷೇಧದ ‘ನೀ’ ಶೇವೂ ತರುತ್ತದೆ, ಪ್ರಶ್ನೆಯ ‘ಅನ್’ ಉರೂ ತರುತ್ತದೆ: ನೀ ವ್ರಿಶನ್ (ಮುರಿಯುವುದಿಲ್ಲ), ಅನ್ ಮ್ರಿಶನ್ (ಮುರಿಯುತ್ತದೆಯೆ).

ಹೆಚ್ಚಾಗಿ ಎಡವುವುದು ಕರ್ತೃವಿಲ್ಲದ ಭೂತರೂಪದಲ್ಲಿ. ‘ಕಿಟಕಿ ಒಡೆಯಲಾಯಿತು’ ಎನ್ನಲು ‘ಬ್ರಿಶೂ ಅನ್ ಇನ್ಯೋಗ್’. ಇಲ್ಲಿ ಭೂತಕಾಲವಿದ್ದರೂ ಕ್ರಿಯಾಪದಕ್ಕೆ ಶೇವೂ ಇಲ್ಲ. ಭೂತ ಎಂದ ಕೂಡಲೇ ಎಚ್ ಸೇರಿಸುವ ಕೈಯನ್ನು ಇಲ್ಲಿ ತಡೆಯಬೇಕು.

ಅನಿಯತ ಕ್ರಿಯಾಪದಗಳು ಹನ್ನೊಂದೇ. ‘ಹೋದ’ ಎನ್ನಲು ಖೂಯ್, ‘ಹೋಗಲಿಲ್ಲ’ ಎನ್ನಲು ನೀ ಯಾಖಿ: ಪದವೇ ಬೇರೆ. ‘ಪಡೆದ’ ಎನ್ನಲು ಫೂರ್, ‘ಪಡೆಯಲಿಲ್ಲ’ ಎನ್ನಲು ನೀ ವೂರ್. ಸಾಮಾನ್ಯವಾಗಿ ಶೇವೂ ತರುವ ‘ನೀ’ ಈ ಕ್ರಿಯಾಪದಕ್ಕೆ ಉರೂ ತರುತ್ತದೆ. ಇದನ್ನು ಬಾಯಿಪಾಠ ಮಾಡದೆ ಬೇರೆ ದಾರಿಯಿಲ್ಲ.

‘ನನ್ನ ಹತ್ತಿರ ಇದೆ’ ಎನ್ನುವುದು ಹೇಗೆ?

ಕನ್ನಡದಂತೆಯೇ. ಐರಿಷಿನಲ್ಲೂ ‘ಹೊಂದು’ ಎಂಬ ಕ್ರಿಯಾಪದದಿಂದ ಇದನ್ನು ಹೇಳುವುದಿಲ್ಲ. ‘ತಾ ಕಾರ್ ಅಗಮ್’: ಇದೆ, ಕಾರು, ನನ್ನ ಬಳಿ. ಬಳಿ ಎಂಬ ಪದವೂ ಸರ್ವನಾಮವೂ ಬೆಸೆದು ಒಂದಾಗುತ್ತವೆ: ಅಗಮ್, ಅಗತ್, ಎಗೆ, ಎಕಿ, ಅಗಿನ್, ಅಗಿವ್, ಅಕು. ನನ್ನ, ನಿನ್ನ, ಅವನ, ಅವಳ, ನಮ್ಮ, ನಿಮ್ಮ, ಅವರ ಬಳಿ ಎಂಬುದೇ ಕ್ರಮ. ಹಸಿವು, ಬಾಯಾರಿಕೆಗಳು ‘ಮೇಲೆ’ ಇರುತ್ತವೆ: ‘ತಾ ಒಕ್ರಸ್ ಒರಮ್’, ನನಗೆ ಹಸಿವಾಗಿದೆ.

ಬದಲಾವಣೆ ಬರಬೇಕಾದಲ್ಲಿ ಬಾರದಿರುವುದೂ ಉಂಟಲ್ಲ?

ಉಂಟು. ಹಲ್ಲಿಗೆ ನಾಲಗೆ ತಾಗಿಸಿ ಹೇಳುವ ಧ್ವನಿಗಳು ಎದುರುಬದುರಾದಾಗ ಶೇವೂ ನಿಲ್ಲುತ್ತದೆ. ಹಿಂದಿನ ಪದ ಎನ್‌ನಲ್ಲಿ ಮುಗಿದು ಮುಂದಿನದು ಡಿ, ಟಿ, ಎಸ್‌ನಿಂದ ಶುರುವಾದರೆ ನಾಲಗೆ ಇದ್ದಲ್ಲೇ ಇರುತ್ತದೆ, ಸಡಿಲವಾಗಲು ಎಡೆಯಿಲ್ಲ. ಮುದುಕಿ ‘ಶ್ಯಾನ್‌ವ್ಯಾನ್’, ಆದರೆ ಮುದಿ ಮನುಷ್ಯ ‘ಶ್ಯಾನ್‌ದಿನ್ಯ’, ಅಲ್ಲಿ ಎಚ್ ಇಲ್ಲ. ಎಸ್ ಜೊತೆಗೆ ಸಿ, ಎಂ, ಪಿ, ಟಿ ಕೂಡಿದ್ದರೂ ಎಸ್ ಅಲುಗದು. ಶಾಲೆಗೆ ಸ್ಕೊಲ್, ‘ನನ್ನ ಶಾಲೆ’ ಎಂದರೂ ಸ್ಕೊಲ್.

ಮನುಷ್ಯರ ಹೆಸರೂ ಬದಲಾಗುತ್ತದೆಯೆ?

ಕರೆಯುವಾಗ ಬದಲಾಗುತ್ತದೆ. ಸಂಬೋಧನೆಯಲ್ಲಿ ಮುಂದೆ ‘ಅ’ ಬರುತ್ತದೆ, ತಲೆಗೆ ಶೇವೂ ಬರುತ್ತದೆ, ಗಂಡಸಿನ ಹೆಸರು ದಪ್ಪ ವ್ಯಂಜನದಲ್ಲಿ ಮುಗಿದರೆ ಬಾಲ ತೆಳುವಾಗುತ್ತದೆ. ಶೇಮಸ್‌ನನ್ನು ಕರೆಯುವಾಗ ‘ಅ ಹೇಮಿಶ್’. ಸ್ಕಾಟ್‌ಲೆಂಡಿನ ಸೋದರ ಭಾಷೆಯಲ್ಲೂ ಇದೇ ನಿಯಮವಿದೆ, ಹೇಮಿಶ್ ಎಂಬ ಸ್ಕಾಟಿಷ್ ಹೆಸರು ಹುಟ್ಟಿದ್ದು ಹೀಗೆ ಕೂಗಿ ಕರೆದದ್ದರಿಂದ.

ಮನೆತನದ ಹೆಸರಿನಲ್ಲಿ ಅಣ್ಣ ‘ಓ ಬ್ರಿಯನ್’ ಆದರೆ ತಂಗಿ ‘ನೀ ವ್ರಿಯನ್’. ಓ ನಂತರ ವ್ಯಂಜನ ಬದಲಾಗದು, ನೀ ನಂತರ ಶೇವೂ. ಮದುವೆಯಾಗಿ ಆ ಮನೆತನಕ್ಕೆ ಬಂದವಳಿಗೆ ‘ಇ ವ್ರಿಯನ್’. ದಾಖಲೆಗಳಲ್ಲಿ ಈ ಮೂರನ್ನು ಮೂರು ಕುಟುಂಬ ಎಂದು ತಿಳಿಯಬಾರದು.

ನಿಘಂಟಿನಲ್ಲಿ ಪದ ಸಿಗುತ್ತಿಲ್ಲ. ಏನು ಮಾಡಲಿ?

ತಲೆ ಕಳಚಿ ಹುಡುಕಿ. ಎರಡನೆಯ ಅಕ್ಷರ ಎಚ್ ಆಗಿದ್ದರೆ ಅದನ್ನು ತೆಗೆಯಿರಿ. ಆದರೆ ಅದಕ್ಕೂ ಮೊದಲು ಬಿ-ಎಚ್-ಎಫ್ ಇದೆಯೇ ನೋಡಿ, ಇದ್ದರೆ ಬಿ-ಎಚ್ ಎರಡನ್ನೂ ತೆಗೆದು ಎಫ್‌ನಲ್ಲಿ ಹುಡುಕಿ. ಎಂ-ಬಿ, ಜಿ-ಸಿ, ಎನ್-ಡಿ, ಎನ್-ಜಿ, ಬಿ-ಪಿ, ಡಿ-ಟಿ, ಟಿ-ಎಸ್ ಕಂಡರೆ ಮೊದಲಿನದನ್ನು ಬಿಡಿ. ಸ್ವರದ ಮುಂದೆ ಎಚ್ ಅಥವಾ ಅಡ್ಡಗೆರೆಯ ಎನ್, ಟಿ ಇದ್ದರೆ ಸ್ವರದಿಂದ ಹುಡುಕಿ.

ಇಷ್ಟಾದರೂ ಸಿಗದಿದ್ದರೆ ಎರಡು ಸಾಧ್ಯತೆಗಳಿವೆ. ಬಾಲವೂ ಬದಲಾಗಿರಬಹುದು, ಕೊನೆಯ ವ್ಯಂಜನದ ಮೊದಲಿನ ಐ ತೆಗೆದು ನೋಡಿ. ಅಥವಾ ಪದ ಶೇವೂ ಸ್ಥಿತಿಯಲ್ಲೇ ಗಟ್ಟಿಯಾಗಿ ನಿಂತದ್ದಿರಬಹುದು. ‘ಆಚೆ’ ಎಂಬ ‘ಹರ್’, ‘ಕಡೆಗೆ’ ಎಂಬ ‘ಖಿಗ್’ ಅಂಥವು. ಅವನ್ನು ಟಿ-ಎಚ್, ಸಿ-ಎಚ್ ಅಡಿಯಲ್ಲೇ ಹುಡುಕಬೇಕು. ಟೋಪಿಯ ‘ಹಾಟ’ದಂಥ ಕಡತಂದ ಪದಗಳಲ್ಲಿ ಮೊದಲ ಎಚ್ ಮೂಲದ್ದೇ, ಅದನ್ನು ತೆಗೆಯಬೇಡಿ.